ತನಾಕಾ ಶೋಜೋ

ತನಾಕಾ ಶೋಜೋ (ಡಿಸೆಂಬರ್ 15, 1841 – ಸೆಪ್ಟೆಂಬರ್ 4, 1913) ಜಪಾನಿನ ರಾಜಕಾರಣಿ, ರೈತ ನಾಯಕ ಹಾಗೂ ಆ ದೇಶದ ಮೊದಲ ಪರಿಸರ ಹೋರಾಟಗಾರರೆಂದು ಗಣಿಸಲ್ಪಟ್ಟವರು. ಆಶಿಯೋ ತಾಮ್ರದ ಗಣಿಯಿಂದ ಹೊರಟ ವಿಷಯುಕ್ತ ಕೆಸರು ವತರಾಸೆ ನದಿಯ ಪ್ರವಾಹದೊಡನೆ ಹರಿದು ಕೆಳಗಿನ ಬಯಲಿನ ಹೊಲಗದ್ದೆಗಳನ್ನು ಹಾಳುಗೆಡವಿದಾಗ, ಸಂತ್ರಸ್ತ ರೈತರ ಪರವಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದರು. 1890ರಿಂದ 1901ರವರೆಗೆ ಜಪಾನಿನ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದರು. ಸದಸ್ಯತ್ವಕ್ಕೆ ರಾಜೀನಾಮೆ ನೀಡಿದ ಬಳಿಕ 1901ರಲ್ಲಿ ಮೈಜಿ ಚಕ್ರವರ್ತಿಯ ಸಾರೋಟಿನ ಎದುರು ಓಡಿ ಬಿನ್ನವತ್ತಳೆ ಸಲ್ಲಿಸಲು ಯತ್ನಿಸಿದ ಘಟನೆಯಿಂದ ಅವರ ಹೆಸರು ದೇಶದಾದ್ಯಂತ ಮನೆಮಾತಾಯಿತು. ಜೀವನದ ಕೊನೆಯ ಹತ್ತು ವರ್ಷಗಳನ್ನು, ವಿಷದ ನೀರನ್ನು ತಡೆದು ನಿಲ್ಲಿಸುವ ಜಲಾಶಯಕ್ಕಾಗಿ ಸರ್ಕಾರ ತೆರವುಗೊಳಿಸಿದ ಯನಾಕಾ ಎಂಬ ಹಳ್ಳಿಯ ಜನರೊಡನೆ ಕಳೆದರು.

ಆರಂಭಿಕ ಜೀವನ

ತನಾಕಾ ಶೋಜೋ ಅವರು ಶಿಮೊತ್ಸುಕೆ ಸೀಮೆಯ ಕೊನಾಕಾ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವು ಇಂದು ತೋಚಿಗಿ ಪ್ರಾಂತ್ಯದ ಸಾನೋ ನಗರಕ್ಕೆ ಸೇರಿದೆ. ಬಾಲ್ಯದ ಹೆಸರು ಕನೆಸಾಬುರೋ. ತಂದೆ ತನಾಕಾ ತೊಮಿಜೋ ಗ್ರಾಮದ ಮುಖ್ಯಸ್ಥರಾಗಿದ್ದರು; ಆ ಹುದ್ದೆಯು ನಮ್ಮ ಕಡೆಯ ಹಿಂದಿನ ಪಟೇಲಿಕೆಯನ್ನು ಹೋಲುತ್ತಿತ್ತು. ತಂದೆಗೆ ಮೇಲಿನ ಹುದ್ದೆ ದೊರೆತಾಗ, ಹದಿಹರೆಯದಲ್ಲಿಯೇ ಶೋಜೋ ಅವರು ಗ್ರಾಮದ ಮುಖ್ಯಸ್ಥರಾದರು. ಬೇಸಾಯ ಮಾಡುತ್ತ, ನೀಲಿಯ ವ್ಯಾಪಾರ ನಡೆಸುತ್ತ, ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತ ಯೌವನದ ದಿನಗಳನ್ನು ಕಳೆದರು. ಅವರ ಪತ್ನಿಯ ಹೆಸರು ಕತ್ಸು.

ಆ ಪ್ರದೇಶದ ಒಡೆಯರಾಗಿದ್ದ ರೊಕ್ಕಾಕು ಮನೆತನದ ಅಧಿಕಾರಿಗಳು ಹಳ್ಳಿಗಳ ಸಾಂಪ್ರದಾಯಿಕ ಸ್ವಯಮಾಡಳಿತದಲ್ಲಿ ಕೈಹಾಕಿದಾಗ ಶೋಜೋ ಅವರು ಅದನ್ನು ವಿರೋಧಿಸಿದರು. ಇದರ ಫಲವಾಗಿ 1868ರಲ್ಲಿ ಅವರನ್ನು ಬಂಧಿಸಿ, ಮೈಚಾಚಿ ಮಲಗಲೂ ಆಗದಷ್ಟು ಕಿರಿದಾದ ಕೋಣೆಯಲ್ಲಿ ಹತ್ತು ತಿಂಗಳಿಗೂ ಹೆಚ್ಚು ಕಾಲ ಇರಿಸಲಾಯಿತು. ಊಟದಲ್ಲಿ ವಿಷ ಬೆರೆಸಿಯಾರೆಂಬ ಭಯದಿಂದ, ಸ್ನೇಹಿತರು ಗುಟ್ಟಾಗಿ ತಲುಪಿಸಿದ ಒಣಮೀನನ್ನು ಕಡಿದು ತಿಂದು ಕೆಲವು ದಿನ ಬದುಕಿದ್ದನ್ನು ಅವರು ಮುಂದೆ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಬಿಡುಗಡೆಯ ನಂತರ ಊರನ್ನು ಬಿಡಬೇಕಾಯಿತು.

1870ರಲ್ಲಿ ಈಶಾನ್ಯ ಜಪಾನಿನ ಎಸಾಶಿ ಆಡಳಿತದಲ್ಲಿ ಸಣ್ಣ ಅಧಿಕಾರಿಯ ಕೆಲಸ ದೊರೆಯಿತು. ಮರುವರ್ಷ ಅಲ್ಲಿನ ಮೇಲಧಿಕಾರಿಯೊಬ್ಬರ ಕೊಲೆಯಾದಾಗ ಶೋಜೋ ಅವರ ಮೇಲೆ ಸಂಶಯ ಬಂದು ಮತ್ತೆ ಸೆರೆವಾಸ ಅನುಭವಿಸಿದರು. ನಿರ್ದೋಷಿಯೆಂದು ಬಿಡುಗಡೆಯಾದದ್ದು 1874ರಲ್ಲಿ. ಈ ಸೆರೆವಾಸದಲ್ಲಿ ಅವರು ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ ಸ್ವಸಹಾಯವನ್ನು ಕುರಿತ ಗ್ರಂಥದ ಜಪಾನಿ ಅನುವಾದವನ್ನೂ ರಾಜ್ಯಶಾಸ್ತ್ರದ ಕೆಲವು ಪುಸ್ತಕಗಳನ್ನೂ ಓದಿದರು.

ಸಾರ್ವಜನಿಕ ಜೀವನ

ಊರಿಗೆ ಮರಳಿದ ಶೋಜೋ ಅವರು ಜನತೆಯ ಹಕ್ಕು ಮತ್ತು ಸ್ವಾತಂತ್ರ್ಯದ ಚಳವಳಿಯಲ್ಲಿ ತೊಡಗಿದರು. ಸಂವಿಧಾನವೂ ಚುನಾಯಿತ ಸಂಸತ್ತೂ ಬೇಕೆಂಬುದು ಈ ಚಳವಳಿಯ ಮುಖ್ಯ ಬೇಡಿಕೆಯಾಗಿತ್ತು. 1879ರಲ್ಲಿ ತೋಚಿಗಿ ಶಿಂಬುನ್ ಎಂಬ ವೃತ್ತಪತ್ರಿಕೆಯ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿ ಅದರಲ್ಲಿ ಲೇಖನಗಳನ್ನು ಬರೆದರು. 1880ರಲ್ಲಿ ತೋಚಿಗಿ ಪ್ರಾಂತೀಯ ಸಭೆಗೆ ಆಯ್ಕೆಯಾದರು. ರೈತರಿಂದ ಬಲವಂತದ ದುಡಿಮೆ ಮಾಡಿಸಿ ರಸ್ತೆಗಳನ್ನು ಕಟ್ಟಿಸುತ್ತಿದ್ದ ಪ್ರಾಂತ್ಯಾಧಿಕಾರಿ ಮಿಶಿಮಾ ಮಿಚಿತ್ಸುನೆಯನ್ನು ಎದುರಿಸಿದ್ದಕ್ಕಾಗಿ ಮೂರನೆಯ ಬಾರಿ ಸೆರೆಮನೆ ಸೇರಿದರು. 1886ರಲ್ಲಿ ಪ್ರಾಂತೀಯ ಸಭೆಯ ಅಧ್ಯಕ್ಷರಾದರು.

1889ರಲ್ಲಿ ಜಪಾನಿಗೆ ಸಂವಿಧಾನ ಬಂದು, 1890ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಶೋಜೋ ಅವರು ತೋಚಿಗಿ ಪ್ರಾಂತ್ಯದಿಂದ ಕೆಳಮನೆಗೆ ಆಯ್ಕೆಯಾದರು. ಆಗ ಅವರಿಗೆ 48 ವರ್ಷ. ಅದೇ ವರ್ಷ ವತರಾಸೆ ನದಿಗೆ ಬಂದ ಭಾರಿ ಪ್ರವಾಹವು ಅವರ ಉಳಿದ ಜೀವನದ ದಿಕ್ಕನ್ನು ನಿರ್ಧರಿಸಿತು.

ಆಶಿಯೋ ಗಣಿ ಮತ್ತು ವತರಾಸೆ ನದಿ

ವತರಾಸೆಯು ತೋಚಿಗಿ ಮತ್ತು ಗುನ್ಮಾ ಪ್ರಾಂತ್ಯಗಳ ಗಡಿಯ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 107 ಕಿಲೋಮೀಟರ್ ಹರಿದು, ಕಾಂತೋ ಬಯಲಿನಲ್ಲಿ ತೋನೆ ಎಂಬ ದೊಡ್ಡ ನದಿಯನ್ನು ಸೇರುತ್ತದೆ. ಅದರ ಉಗಮದ ಸಮೀಪವೇ ಆಶಿಯೋ ಇದೆ. ಅಲ್ಲಿ ಹದಿನೇಳನೆಯ ಶತಮಾನದಿಂದಲೂ ತಾಮ್ರ ತೆಗೆಯುತ್ತಿದ್ದರಾದರೂ, ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಗಣಿ ಬಹುಮಟ್ಟಿಗೆ ಬರಿದಾಗಿತ್ತು. 1877ರಲ್ಲಿ ಫುರುಕಾವಾ ಇಚಿಬೇ ಎಂಬ ಉದ್ಯಮಿ ಅದನ್ನು ಕೊಂಡರು. 1881ರಲ್ಲಿ, ಮತ್ತೆ 1884ರಲ್ಲಿ ಸಮೃದ್ಧವಾದ ಅದಿರಿನ ಪದರಗಳು ಪತ್ತೆಯಾದವು. ಹೊಸ ಯಂತ್ರಗಳು, ಜಲವಿದ್ಯುತ್ತು, ಆಧುನಿಕ ಕುಲುಮೆಗಳು ಬಂದವು. ಕೆಲವೇ ವರ್ಷಗಳಲ್ಲಿ ಆಶಿಯೋ ದೇಶದ ಅತಿ ದೊಡ್ಡ ತಾಮ್ರದ ಗಣಿಯಾಯಿತು. ತಾಮ್ರವು ಆ ಕಾಲದ ಜಪಾನಿಗೆ ವಿದೇಶಿ ಹಣ ತರುವ ಪ್ರಮುಖ ರಫ್ತುಗಳಲ್ಲಿ ಒಂದಾಗಿದ್ದುದರಿಂದ ಗಣಿಗೆ ಸರ್ಕಾರದ ಬೆಂಬಲವಿತ್ತು.

ಗಣಿಯ ಸುರಂಗಗಳಿಗೆ ಆಸರೆಯ ಮರ, ಕುಲುಮೆಗಳಿಗೆ ಸೌದೆ ಮತ್ತು ಇದ್ದಿಲು ಬೇಕಾಗಿತ್ತು. ಇದಕ್ಕಾಗಿ ಸುತ್ತಲಿನ ಬೆಟ್ಟಗಳ ಕಾಡನ್ನು ಕಡಿಯಲಾಯಿತು. 1887ರ ಕಾಳ್ಗಿಚ್ಚು ಇನ್ನಷ್ಟು ಕಾಡನ್ನು ನುಂಗಿತು. ಅದಿರನ್ನು ಸುಡುವಾಗ ಹೊರಬೀಳುವ ಗಂಧಕದ ಹೊಗೆಯು ಉಳಿದ ಗಿಡಮರಗಳನ್ನು ಒಣಗಿಸಿತು. ಕುಲುಮೆಯ ಮೇಲ್ಭಾಗದ ಕಣಿವೆಯಲ್ಲಿದ್ದ ಮತ್ಸುಕಿ ಎಂಬ ಹಳ್ಳಿಯಲ್ಲಿ ಬೆಳೆಯೂ ರೇಷ್ಮೆ ಸಾಕಣೆಯೂ ನಿಂತುಹೋಗಿ, 1902ರ ವೇಳೆಗೆ ಜನ ಊರನ್ನೇ ತೊರೆದರು.

ಕೆಸರಿನೊಡನೆ ಇಳಿದ ವಿಷ

ಗಣಿಯ ವಿಷವು ಹತ್ತಾರು ಕಿಲೋಮೀಟರ್ ದೂರದ ಹೊಲಗಳನ್ನು ತಲುಪಿದ ಬಗೆಯು ಶೋಜೋ ಅವರ ಹೋರಾಟದ ಕೇಂದ್ರ ವಿಷಯವಾಗಿದೆ. ತಾಮ್ರದ ಅದಿರಿನಲ್ಲಿ ಲೋಹದ ಪಾಲು ಕಡಿಮೆ. ಅದಿರನ್ನು ಕುಟ್ಟಿ, ತೊಳೆದು ತಾಮ್ರದ ಭಾಗವನ್ನು ಬೇರ್ಪಡಿಸಿದ ಮೇಲೆ ಉಳಿಯುವ ನುಣುಪಾದ ಕಲ್ಲುಪುಡಿಯಲ್ಲಿಯೂ, ಕುಲುಮೆಯ ಕಿಟ್ಟದಲ್ಲಿಯೂ ಸ್ವಲ್ಪ ತಾಮ್ರ, ಗಂಧಕ ಹಾಗೂ ಇತರ ವಿಷಲೋಹಗಳು ಉಳಿದಿರುತ್ತವೆ. ಆಶಿಯೋದಲ್ಲಿ ಈ ತ್ಯಾಜ್ಯವನ್ನು ಕಣಿವೆಗಳಲ್ಲಿ, ತೊರೆಗಳ ಅಂಚಿನಲ್ಲಿ ರಾಶಿ ಹಾಕಲಾಗುತ್ತಿತ್ತು. ಗಾಳಿ ಮತ್ತು ಮಳೆಗೆ ಒಡ್ಡಿಕೊಂಡ ಗಂಧಕಯುಕ್ತ ಖನಿಜಗಳು ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲದಲ್ಲಿ ತಾಮ್ರ ಕರಗಿ ನೀರಿಗೆ ಸೇರುತ್ತದೆ. ಹೀಗೆ ತಾಮ್ರವು ಕೆಲವು ಪಾಲು ನೀರಿನಲ್ಲಿ ಕರಗಿ, ಬಹುಪಾಲು ನುಣ್ಣನೆಯ ಕಣಗಳಿಗೆ ಅಂಟಿಕೊಂಡು ಕೆಳಗೆ ಸಾಗುತ್ತದೆ.

ಸಾಧಾರಣ ದಿನಗಳಲ್ಲಿ ತೊರೆಯು ಸಾಗಿಸುವ ಕೆಸರು ಅತ್ಯಲ್ಪ. ಆದರೆ ಬಿರುಮಳೆ ಬಂದಾಗ ವೇಗವಾಗಿ ಹರಿಯುವ ನೀರು ದಡದ ರಾಶಿಗಳನ್ನು ಕೊರೆದು, ವರ್ಷಗಟ್ಟಲೆ ಬಿದ್ದಿದ್ದ ತ್ಯಾಜ್ಯವನ್ನು ಕೆಲವೇ ಗಂಟೆಗಳಲ್ಲಿ ಎತ್ತಿಕೊಂಡು ಹೋಗುತ್ತದೆ. ಕಾಡಿದ್ದ ಬೆಟ್ಟದಲ್ಲಿ ಎಲೆ, ಬೇರು, ತರಗೆಲೆಯ ಹಾಸು ಮಳೆನೀರನ್ನು ಹಿಡಿದಿಡುತ್ತವೆ. ಬೋಳಾದ ಆಶಿಯೋ ಬೆಟ್ಟಗಳಲ್ಲಿ ಅಂಥ ತಡೆಯಿರಲಿಲ್ಲ. ಮಳೆನೀರು ಒಮ್ಮೆಲೇ ಇಳಿಯುತ್ತಿತ್ತು. ಇಳಿಯುವಾಗ ಬೆಟ್ಟದ ಮಣ್ಣನ್ನೂ ಕೊಚ್ಚಿ ತರುತ್ತಿತ್ತು. ಬಯಲಿಗೆ ಬಂದ ನದಿಯ ಇಳಿಜಾರು ಕಡಿಮೆಯಾದಾಗ ನೀರಿನ ವೇಗ ತಗ್ಗಿ, ಹೊತ್ತು ತಂದ ಕೆಸರು ಕೆಳಗೆ ಕೂರುತ್ತಿತ್ತು. ಮೊದಲು ಮರಳು, ಆಮೇಲೆ ವಿಷ ಹೆಚ್ಚಾಗಿರುವ ನುಣ್ಣನೆಯ ಹೂಳು. ಹೂಳಿನಿಂದ ನದಿಯ ಪಾತ್ರ ಎತ್ತರವಾದಂತೆ, ಮುಂದಿನ ಪ್ರವಾಹ ಇನ್ನೂ ಸುಲಭವಾಗಿ ದಂಡೆ ಮೀರುತ್ತಿತ್ತು. ಪ್ರವಾಹ ಹೆಚ್ಚಿದಂತೆ ವಿಷವೂ, ವಿಷದ ಹೂಳು ಹೆಚ್ಚಿದಂತೆ ಪ್ರವಾಹವೂ ಹೆಚ್ಚುವ ಸ್ಥಿತಿ ಉಂಟಾಯಿತು.

ಅಲ್ಲಿಯವರೆಗೆ ವತರಾಸೆಯ ತಪ್ಪಲಿನ ರೈತರು ನೆರೆಗೆ ಅಂಜುತ್ತಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಬರುವ ನೆರೆ ಒಂದು ಬೆಳೆಯನ್ನು ಕೆಡಿಸಿದರೂ, ಅದು ಬಿಟ್ಟುಹೋಗುವ ಮೆಕ್ಕಲು ಮಣ್ಣಿನಿಂದ ಮುಂದಿನ ಬೆಳೆಗಳಿಗೆ ಗೊಬ್ಬರದ ಅಗತ್ಯವೇ ಬೀಳುತ್ತಿರಲಿಲ್ಲ. ಗಣಿ ಬೆಳೆದ ಮೇಲೆ ಅದೇ ನೆರೆ ವಿಷ ತರತೊಡಗಿತು. 1885ರಲ್ಲಿ ನದಿಯ ಆಯು ಎಂಬ ಮೀನುಗಳು ಸಾಯುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೀನು ಹಿಡಿದು ಬದುಕುತ್ತಿದ್ದ ಕುಟುಂಬಗಳು ಕಸುಬು ಕಳೆದುಕೊಂಡವು. 1890ರ ಪ್ರವಾಹದ ನಂತರ ಗದ್ದೆಗಳಲ್ಲಿ ಭತ್ತ ಒಣಗಿತು. ಕಾಲುವೆಯ ನೀರು ಗದ್ದೆಯೊಳಗೆ ಬರುವ ಬಾಯಿಯ ಬಳಿ ಹಾನಿ ಎಲ್ಲಕ್ಕಿಂತ ಹೆಚ್ಚಾಗಿತ್ತು, ಏಕೆಂದರೆ ನೀರು ನಿಧಾನಗೊಂಡು ಹೂಳು ಮೊದಲು ಕೂರುವುದು ಅಲ್ಲಿಯೇ. ರೈತರು ಹೊಲದ ಮೇಲ್ಮಣ್ಣನ್ನು ಕೆರೆದು ಮೂಲೆಗಳಲ್ಲಿ ಗುಡ್ಡೆ ಹಾಕಿದರು. ಅವುಗಳಿಗೆ ವಿಷದ ದಿಬ್ಬ ಎಂಬ ಅರ್ಥದ ಹೆಸರು ಬಿತ್ತು. ಟೋಕಿಯೋದ ಕೃಷಿ ಕಾಲೇಜಿನ ಕೊಜೈ ಯೊಶಿನಾವೊ ಅವರು ಮಣ್ಣನ್ನು ಪರೀಕ್ಷಿಸಿ, ಹಾನಿಗೆ ತಾಮ್ರದ ಸಂಯುಕ್ತಗಳೇ ಕಾರಣವೆಂದು ಗುರುತಿಸಿದರು.

ಸಂಸತ್ತಿನಲ್ಲಿ

1891ರ ಡಿಸೆಂಬರ್‌ನಲ್ಲಿ ಶೋಜೋ ಅವರು ಆಶಿಯೋ ಮಾಲಿನ್ಯದ ಬಗ್ಗೆ ಸಂಸತ್ತಿನಲ್ಲಿ ಮೊದಲ ಬಾರಿ ಸರ್ಕಾರವನ್ನು ಪ್ರಶ್ನಿಸಿದರು. ಅವರ ವಾದ ಕಾನೂನಿನ ಚೌಕಟ್ಟಿನಲ್ಲಿಯೇ ಇತ್ತು. ಸಂವಿಧಾನವು ಪ್ರಜೆಗಳ ಆಸ್ತಿಯನ್ನು ರಕ್ಷಿಸುತ್ತದೆ. ಸಾರ್ವಜನಿಕರಿಗೆ ಹಾನಿ ಮಾಡುವ ಗಣಿಯ ಪರವಾನಗಿಯನ್ನು ರದ್ದುಮಾಡಲು ಗಣಿ ಕಾನೂನಿನಲ್ಲಿ ಅವಕಾಶವಿದೆ. ಹಾಗಿರುವಾಗ ಸರ್ಕಾರ ಏಕೆ ಸುಮ್ಮನಿದೆ ಎಂಬುದು ಅವರ ಪ್ರಶ್ನೆ. ಆಗ ಕೃಷಿ ಮತ್ತು ವಾಣಿಜ್ಯ ಸಚಿವರಾಗಿದ್ದವರು ಮುತ್ಸು ಮುನೆಮಿತ್ಸು. ಅವರ ಎರಡನೆಯ ಮಗ ಗಣಿಯ ಒಡೆಯ ಫುರುಕಾವಾ ಅವರಿಗೆ ದತ್ತುಪುತ್ರನಾಗಿದ್ದನು. ಹಾನಿಯ ಕಾರಣ ಖಚಿತವಾಗಿಲ್ಲವೆಂದೂ, ಅದಿರಿನ ಪುಡಿ ಹೊರಹೋಗದಂತೆ ಗಣಿಯವರು ಸಂಗ್ರಹ ಯಂತ್ರಗಳನ್ನು ತರಿಸುತ್ತಿದ್ದಾರೆಂದೂ ಸರ್ಕಾರ ಉತ್ತರಿಸಿತು.

ಈ ನಡುವೆ ಗಣಿಯ ಪರವಾಗಿ ಸಂಧಾನಕಾರರು ಹಳ್ಳಿಗಳಿಗೆ ಹೋಗಿ ಅಲ್ಪ ಪರಿಹಾರಕ್ಕೆ ರೈತರನ್ನು ಒಪ್ಪಿಸಿದರು. 1894–95ರ ಚೀನಾ–ಜಪಾನ್ ಯುದ್ಧದ ಕಾಲದಲ್ಲಿ ಪ್ರತಿಭಟನೆ ತಣ್ಣಗಾಯಿತು. ಮುಂದೆ ಎಂದಿಗೂ ಪರಿಹಾರ ಕೇಳುವುದಿಲ್ಲವೆಂಬ ಶಾಶ್ವತ ಒಪ್ಪಂದಗಳಿಗೂ ಹಲವರು ಸಹಿ ಹಾಕಿದರು. ಆದರೆ 1896ರ ಬೇಸಿಗೆ ಮತ್ತು ಶರತ್ಕಾಲದಲ್ಲಿ ಸಾಲು ಸಾಲಾಗಿ ಬಂದ ಪ್ರವಾಹಗಳು ಸಂಗ್ರಹ ಯಂತ್ರಗಳ ನಿಷ್ಫಲತೆಯನ್ನು ತೋರಿಸಿದವು. ವಿಷದ ಕೆಸರು ತೋಚಿಗಿ, ಗುನ್ಮಾ, ಸೈತಾಮಾ, ಇಬಾರಾಕಿ ಪ್ರಾಂತ್ಯಗಳ ಹಳ್ಳಿಗಳಲ್ಲಿ ಹರಡಿತು. ವಿಷದ ನೀರು ಎದೋ ನದಿಯ ಮೂಲಕ ರಾಜಧಾನಿ ಟೋಕಿಯೋದ ಅಂಚನ್ನೂ ತಲುಪಿತು.

1899ರಲ್ಲಿ ಸಂಸತ್ತಿನ ಸದಸ್ಯರ ವಾರ್ಷಿಕ ವೇತನವನ್ನು 800 ಯೆನ್‌ಗಳಿಂದ 2,000 ಯೆನ್‌ಗಳಿಗೆ ಏರಿಸುವ ಮಸೂದೆ ಬಂದಾಗ ಶೋಜೋ ಅವರು ಅದನ್ನು ವಿರೋಧಿಸಿದರು. ಮಸೂದೆ ಅಂಗೀಕಾರವಾದಾಗ ತಮ್ಮ ವೇತನವನ್ನು ಪೂರ್ತಿಯಾಗಿ ನಿರಾಕರಿಸಿದರು.

ರೈತರ ಮೆರವಣಿಗೆಗಳು ಮತ್ತು ಕವಾಮಾತಾ ಘಟನೆ

1896ರ ಪ್ರವಾಹದ ನಂತರ ವತರಾಸೆ ದಡದ ಉನ್ರ್ಯೂಜಿ ಎಂಬ ಬೌದ್ಧ ದೇವಾಲಯದಲ್ಲಿ ಹೋರಾಟದ ಕಚೇರಿ ಆರಂಭವಾಯಿತು. 1897ರ ಮಾರ್ಚ್‌ನಲ್ಲಿ ಸಾವಿರಾರು ರೈತರು ಟೋಕಿಯೋಗೆ ಕಾಲ್ನಡಿಗೆಯಲ್ಲಿ ಹೊರಟರು. ಕೃಷಿ ಸಚಿವ ಎನೊಮೊತೊ ತಾಕೆಆಕಿ ಸ್ವತಃ ಸ್ಥಳಕ್ಕೆ ಭೇಟಿ ನೀಡಿ, ಬಳಿಕ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರವು ತನಿಖಾ ಸಮಿತಿಯನ್ನು ನೇಮಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ 37 ಅಂಶಗಳ ಮಾಲಿನ್ಯ ತಡೆ ಆಜ್ಞೆ ಹೊರಬಿತ್ತು. ತ್ಯಾಜ್ಯ ನೀರಿನ ಕೆಸರು ತಳದಲ್ಲಿ ಕೂರುವಂತೆ ಕೊಳಗಳು, ಸೋಸುವ ತೊಟ್ಟಿಗಳು, ಹೊಗೆಯಿಂದ ಗಂಧಕ ತೆಗೆಯುವ ಗೋಪುರ ಇವುಗಳನ್ನು ಗೊತ್ತಾದ ಅವಧಿಯಲ್ಲಿ ಕಟ್ಟದಿದ್ದರೆ ಗಣಿ ಮುಚ್ಚಬೇಕಾಗುತ್ತಿತ್ತು. ಕಾಮಗಾರಿಗಳು ಮುಗಿದವು. ಆದರೆ ಗಂಧಕ ತೆಗೆಯುವ ಗೋಪುರ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಬೋಳು ಬೆಟ್ಟಗಳ ಮೇಲೂ ನದಿಯ ಪಾತ್ರದಲ್ಲೂ ಆಗಲೇ ಶೇಖರವಾಗಿದ್ದ ವಿಷವು ಹಾಗೆಯೇ ಉಳಿಯಿತು. 1898ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೆರೆ ಬಂದು ಹೊಲಗಳು ಕೆಟ್ಟವು.

ಬೆಳೆ ಹಾಳಾದ ಜಮೀನುಗಳಿಗೆ ಸರ್ಕಾರ ಭೂಕಂದಾಯದ ವಿನಾಯಿತಿ ನೀಡಿತು. ಆ ಕಾಲದಲ್ಲಿ ನಿಗದಿತ ಮೊತ್ತದ ತೆರಿಗೆ ಕಟ್ಟುವವರಿಗೆ ಮಾತ್ರ ಮತದಾನದ ಹಕ್ಕಿತ್ತು. ಆದ್ದರಿಂದ ವಿನಾಯಿತಿ ಪಡೆದ ರೈತರಲ್ಲಿ ಅನೇಕರು ಮತದ ಹಕ್ಕನ್ನೂ ಕಳೆದುಕೊಂಡರು.

1898ರ ಸೆಪ್ಟೆಂಬರ್‌ನಲ್ಲಿ ಮೂರನೆಯ ಬಾರಿ ಹೊರಟ ಮೆರವಣಿಗೆಯನ್ನು ಶೋಜೋ ಅವರು ಟೋಕಿಯೋದ ಹೊರವಲಯದಲ್ಲಿ ಎದುರುಗೊಂಡರು. ಸರ್ಕಾರದೊಡನೆ ತಾವೇ ಮಾತನಾಡುವುದಾಗಿ ಹೇಳಿ, ಕೆಲವು ಪ್ರತಿನಿಧಿಗಳನ್ನು ಬಿಟ್ಟು ಉಳಿದವರು ಹಿಂದಿರುಗುವಂತೆ ಮನವೊಲಿಸಿದರು. ಆ ಭರವಸೆಯನ್ನು ಈಡೇರಿಸಲು ಅವರಿಂದ ಆಗಲಿಲ್ಲ. ಫೆಬ್ರುವರಿ 13, 1900ರಂದು ನಾಲ್ಕನೆಯ ಮೆರವಣಿಗೆಯು ತೋನೆ ನದಿಯ ದಡದ ಕವಾಮಾತಾ ಎಂಬಲ್ಲಿಗೆ ಬಂದಾಗ ಪೊಲೀಸರು ರೈತರ ಮೇಲೆ ಬಿದ್ದು ಹೊಡೆದರು. ಅನೇಕರನ್ನು ಬಂಧಿಸಿ, 51 ಮಂದಿಯನ್ನು ವಿಚಾರಣೆಗೆ ಗುರಿಪಡಿಸಿದರು. 1902ರ ಕೊನೆಯಲ್ಲಿ ಆರೋಪಪತ್ರದ ತಾಂತ್ರಿಕ ದೋಷದ ಕಾರಣದಿಂದ ಈ ಮೊಕದ್ದಮೆ ಬಿದ್ದುಹೋಯಿತು.

ಘಟನೆಯ ಕೆಲವೇ ದಿನಗಳಲ್ಲಿ ಶೋಜೋ ಅವರು ಸಂಸತ್ತಿನಲ್ಲಿ ತಮ್ಮ ಅತ್ಯಂತ ಪ್ರಸಿದ್ಧ ಪ್ರಶ್ನೆಯನ್ನು ಮಂಡಿಸಿದರು. ಪ್ರಜೆಗಳನ್ನು ಕೊಲ್ಲುವುದು ದೇಶವನ್ನೇ ಕೊಂದಂತೆ, ದೇಶ ನಾಶವಾಗುತ್ತಿರುವುದನ್ನು ಅರಿಯದಿರುವುದೇ ದೇಶದ ನಾಶ ಎಂಬುದು ಅದರ ತಾತ್ಪರ್ಯ. ಪ್ರಧಾನಿ ಯಮಗಾತಾ ಅರಿತೊಮೊ ಪ್ರಶ್ನೆಯ ಅರ್ಥವೇ ತಿಳಿಯದೆಂದು ಉತ್ತರ ನಿರಾಕರಿಸಿದರು. ಅದೇ ವರ್ಷ ಕವಾಮಾತಾ ಮೊಕದ್ದಮೆಯ ವಿಚಾರಣೆಯಲ್ಲಿ ಸರ್ಕಾರಿ ವಕೀಲರ ವಾದದ ನಡುವೆ ಶೋಜೋ ಅವರು ದೊಡ್ಡದಾಗಿ ಆಕಳಿಸಿದರು. ಇದು ನ್ಯಾಯಾಲಯಕ್ಕೆ ಮಾಡಿದ ಅವಮಾನವೆಂದು 1902ರಲ್ಲಿ ಅವರನ್ನು ಸುಮಾರು ನಲವತ್ತು ದಿನ ಸೆರೆಯಲ್ಲಿ ಇರಿಸಲಾಯಿತು. ಅಲ್ಲಿ ಅವರು ಬೈಬಲಿನ ಹೊಸ ಒಡಂಬಡಿಕೆಯನ್ನು ಓದಿ ಅದರಿಂದ ಗಾಢವಾಗಿ ಪ್ರಭಾವಿತರಾದರು. ಆದರೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲಿಲ್ಲ.

ಚಕ್ರವರ್ತಿಗೆ ನೇರ ಬಿನ್ನಹ

ಹತ್ತು ವರ್ಷಗಳ ಪ್ರಶ್ನೆಗಳಿಂದ ಪ್ರಯೋಜನವಾಗದೆ, ಶೋಜೋ ಅವರು ಅಕ್ಟೋಬರ್ 1901ರಲ್ಲಿ ಸಂಸತ್ತಿನ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದರು. ಡಿಸೆಂಬರ್ 10ರಂದು, ಸಂಸತ್ತಿನ ಅಧಿವೇಶನವನ್ನು ಉದ್ಘಾಟಿಸಿ ಹಿಂದಿರುಗುತ್ತಿದ್ದ ಚಕ್ರವರ್ತಿಯ ಸಾರೋಟಿನ ಕಡೆಗೆ ಬಿನ್ನವತ್ತಳೆಯನ್ನು ಎತ್ತಿಹಿಡಿದು ಓಡಿದರು. ತಡೆಯಲು ಬಂದ ಅಂಗರಕ್ಷಕನ ಕುದುರೆ ಮುಗ್ಗರಿಸಿತು. ಶೋಜೋ ಅವರೂ ಎಡವಿ ಬಿದ್ದರು. ಪೊಲೀಸರು ಅವರನ್ನು ಹಿಡಿದರು. ಚಕ್ರವರ್ತಿಯನ್ನು ನೇರವಾಗಿ ಸಮೀಪಿಸುವುದು ಪ್ರಾಣಾಪಾಯದ ಸಾಹಸವೆಂದು ತಿಳಿದೇ ಅವರು ಇದಕ್ಕೆ ಸಿದ್ಧರಾಗಿದ್ದರು. ಆದರೆ ಸರ್ಕಾರ ಅವರನ್ನು ಬುದ್ಧಿಸ್ಥಿಮಿತವಿಲ್ಲದ ಮುದುಕನೆಂದು ಪರಿಗಣಿಸಿ, ಮೊಕದ್ದಮೆ ಹೂಡದೆ ಅಂದೇ ಬಿಟ್ಟುಬಿಟ್ಟಿತು. ಬಿನ್ನವತ್ತಳೆಯ ಕರಡನ್ನು ಬರೆದುಕೊಟ್ಟವರು ಪತ್ರಕರ್ತ ಕೋತೊಕು ಶೂಸುಯಿ. ಶೋಜೋ ಅವರು ಅದನ್ನು ತಿದ್ದಿ, ತಿದ್ದಿದ ಕಡೆಗಳಲ್ಲೆಲ್ಲ ತಮ್ಮ ಮೊಹರು ಒತ್ತಿದ್ದರು.

ಬಿನ್ನಹ ಚಕ್ರವರ್ತಿಯ ಕೈಸೇರಲಿಲ್ಲವಾದರೂ ಪತ್ರಿಕೆಗಳ ಮೂಲಕ ಅದರ ಪಾಠ ದೇಶಕ್ಕೆಲ್ಲ ತಿಳಿಯಿತು. ಉಚಿಮುರಾ ಕನ್ಜೋ, ಕಿನೋಶಿತಾ ನಾವೊಎ ಮೊದಲಾದ ಚಿಂತಕರೂ ಬರಹಗಾರರೂ ರೈತರ ಪರ ನಿಂತರು. ನೂರಾರು ವಿದ್ಯಾರ್ಥಿಗಳು ಹಾನಿಗೊಳಗಾದ ಹಳ್ಳಿಗಳನ್ನು ನೋಡಲು ಹೋದರು. ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ಕವಕಾಮಿ ಹಾಜಿಮೆ ಆಗ ವಿದ್ಯಾರ್ಥಿ. ಸಭೆಯೊಂದರಲ್ಲಿ ಸಂತ್ರಸ್ತರ ಸ್ಥಿತಿಯನ್ನು ಕೇಳಿ ತಾವು ತೊಟ್ಟಿದ್ದ ಮೇಲಂಗಿಯನ್ನೇ ದಾನ ಮಾಡಿದರು.

ಯನಾಕಾ ಗ್ರಾಮ

ಸರ್ಕಾರವು 1902ರಲ್ಲಿ ಎರಡನೆಯ ಸಮಿತಿಯನ್ನು ನೇಮಿಸಿತು. ಈಗ ಹೊಲಗಳಲ್ಲಿರುವ ತಾಮ್ರ ಬಹುಪಾಲು 1897ರ ಆಜ್ಞೆಗೆ ಹಿಂದಿನದು, ಆದ್ದರಿಂದ ಉಳಿದಿರುವುದು ಪ್ರವಾಹ ನಿಯಂತ್ರಣದ ಸಮಸ್ಯೆ ಎಂಬ ನಿಲುವನ್ನು ಸಮಿತಿ ತಳೆಯಿತು. ನೆರೆಯ ನೀರನ್ನು ಬಯಲಿನ ಕೆಳಭಾಗದಲ್ಲಿ ತಡೆದು ನಿಲ್ಲಿಸಿ ಕೆಸರು ತಂಗುವಂತೆ ಮಾಡುವ ದೊಡ್ಡ ಜಲಾಶಯವನ್ನು ಸೂಚಿಸಿತು. ಗಣಿ ಮುಚ್ಚುವ ಪ್ರಶ್ನೆ ಹೀಗೆ ಬದಿಗೆ ಸರಿಯಿತು.

1902ರ ಸೆಪ್ಟೆಂಬರ್‌ನ ಮಹಾಪ್ರವಾಹದಲ್ಲಿ ಮೇಲಿನ ಬೆಟ್ಟಗಳು ಕುಸಿದು, ಅಪಾರ ಪ್ರಮಾಣದ ಹೊಸ ಮಣ್ಣು ಕೆಳಗಿನ ಹೊಲಗಳ ಮೇಲೆ ಹರಡಿತು. ವಿಷದ ಪದರ ಅಡಿಯಲ್ಲಿ ಹುದುಗಿದ್ದರಿಂದ ಮುಂದಿನ ಒಂದೆರಡು ವರ್ಷ ಕೆಲವೆಡೆ ಬೆಳೆ ಚೆನ್ನಾಗಿ ಬಂತು. ಗಣಿಯ ತಡೆ ಕಾಮಗಾರಿಗಳು ಫಲಿಸಿವೆ ಎಂಬ ಅಭಿಪ್ರಾಯ ಇದರಿಂದ ಹರಡಿತು. ಹೊಲಗಳನ್ನು ಸುಧಾರಿಸಿದ್ದು ನದಿ ತಂದ ಮಣ್ಣೇ ಹೊರತು ಕಾಮಗಾರಿಯಲ್ಲ ಎಂದು ಶೋಜೋ ಅವರು ವಾದಿಸಿದರು.

ಜಲಾಶಯಕ್ಕೆ ಆರಿಸಿದ ಸ್ಥಳ ಯನಾಕಾ ಗ್ರಾಮ. ವತರಾಸೆಗೆ ಇತರ ನದಿಗಳು ಕೂಡುವ ತಗ್ಗು ಪ್ರದೇಶದಲ್ಲಿದ್ದ ಈ ಗ್ರಾಮದಲ್ಲಿ ಸುಮಾರು 450 ಮನೆಗಳೂ 2,700 ಜನರೂ ಇದ್ದರು. ನೆರೆಯ ಸೈತಾಮಾ ಪ್ರಾಂತ್ಯದ ಎರಡು ಹಳ್ಳಿಗಳನ್ನು ಮುಳುಗಿಸುವ ಯೋಜನೆ ಜನರ ವಿರೋಧದಿಂದ ಕೈಬಿಟ್ಟುಹೋಗಿತ್ತು. 1904ರ ಜುಲೈಯಲ್ಲಿ ಶೋಜೋ ಅವರು ಯನಾಕಾಕ್ಕೆ ಬಂದು ನೆಲೆಸಿದರು. ರಷ್ಯಾದೊಡನೆ ಯುದ್ಧ ನಡೆಯುತ್ತಿದ್ದುದರಿಂದ ದೇಶದ ಗಮನ ಬೇರೆಡೆಗಿತ್ತು. ಅವರು ಆ ಯುದ್ಧವನ್ನೂ ವಿರೋಧಿಸಿದರು, ಸೇನೆಯನ್ನೇ ವಿಸರ್ಜಿಸಬೇಕೆಂಬ ನಿಲುವಿಗೆ ಬಂದಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಾಂತೀಯ ಸಭೆಯು ಗ್ರಾಮವನ್ನು ಕೊಳ್ಳುವ ಹಣಕ್ಕೆ ಒಪ್ಪಿಗೆ ನೀಡಿತು. ಒಡೆದ ದಂಡೆಗಳನ್ನು ಸರ್ಕಾರ ದುರಸ್ತಿ ಮಾಡಲಿಲ್ಲ. ಬೆಳೆ ಕೈಗೆ ಹತ್ತದೆ, ಕೊಟ್ಟಷ್ಟು ಪರಿಹಾರ ಪಡೆದು ಒಂದೊಂದೇ ಕುಟುಂಬ ಊರು ಬಿಟ್ಟಿತು. ಬಯಲಿನಿಂದ ಒಕ್ಕಲೆದ್ದವರಲ್ಲಿ ಕೆಲವರು ಮುಂದೆ ದೂರದ ಹೊಕ್ಕೈಡೋ ದ್ವೀಪಕ್ಕೂ ವಲಸೆ ಹೋದರು. ಜುಲೈ 1, 1906ರಂದು ಯನಾಕಾವನ್ನು ಪಕ್ಕದ ಫುಜಿಯೋಕಾ ಪಟ್ಟಣದಲ್ಲಿ ವಿಲೀನಗೊಳಿಸಿದಾಗ ಗ್ರಾಮದ ಹೆಸರೇ ಅಳಿಯಿತು.

ಹದಿನಾರು ಕುಟುಂಬಗಳು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 1907ರ ಜೂನ್ 29ರಿಂದ ಜುಲೈ 5ರವರೆಗೆ ಪೊಲೀಸರ ಕಾವಲಿನಲ್ಲಿ ಅವರ ಮನೆಗಳನ್ನು ಒಂದೊಂದಾಗಿ ಕೆಡವಲಾಯಿತು. ಶೋಜೋ ಅವರು ಆ ದಿನಗಳಲ್ಲಿ ಅವರ ಜೊತೆಗಿದ್ದರು. ಕೆಡವಿದ ಮನೆಗಳ ಜಾಗದಲ್ಲೇ ಗುಡಿಸಲು ಹಾಕಿಕೊಂಡು, ಮಳೆಗಾಲದಲ್ಲಿ ನೀರಿನ ನಡುವೆ, ಈ ಕುಟುಂಬಗಳು ಸುಮಾರು ಹತ್ತು ವರ್ಷ ಬದುಕಿದವು. ಈ ಘಟನೆಯ ಬೆನ್ನಲ್ಲೇ ಯುವ ಬರಹಗಾರ ಅರಹಾತಾ ಕಾನ್ಸೋನ್ ಯನಾಕಾದ ನಾಶದ ಇತಿಹಾಸವನ್ನು ಬರೆದು ಪ್ರಕಟಿಸಿದರು. ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು.

ನದಿಗಳ ಅಧ್ಯಯನ

ಯನಾಕಾದಲ್ಲಿ ನೆಲೆಸಿದ ಮೇಲೆ ಶೋಜೋ ಅವರ ಯೋಚನೆಯಲ್ಲಿ ಮಾರ್ಪಾಟಾಯಿತು. ರೈತರಿಗೆ ತಾನು ಕಲಿಸಬೇಕೆಂದು ಬಂದವರು, ನದಿಯ ಜೊತೆ ಬಾಳಿದ ರೈತರಿಂದಲೇ ತಾನು ಕಲಿಯಬೇಕೆಂಬ ಅರಿವಿಗೆ ಬಂದರು. 1910ರ ಆಗಸ್ಟ್‌ನಲ್ಲಿ ಕಾಂತೋ ಬಯಲನ್ನೆಲ್ಲ ಮುಳುಗಿಸಿದ ಪ್ರವಾಹದ ನಂತರ, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, ವತರಾಸೆ, ತೋನೆ ಮತ್ತು ಅವುಗಳ ಉಪನದಿಗಳ ದಡದಲ್ಲಿ ಹಳ್ಳಿಯಿಂದ ಹಳ್ಳಿಗೆ ಸುತ್ತಿದರು. ಪ್ರತಿ ಊರಿನಲ್ಲಿಯೂ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದುಕೊಂಡರು.

ಈ ಅಲೆದಾಟದಿಂದ ಅವರು ತಲುಪಿದ ತೀರ್ಮಾನಗಳು ಮುಖ್ಯವಾಗಿ ಎರಡು. ತೋನೆಯಿಂದ ಎದೋ ನದಿ ಕವಲೊಡೆಯುವ ಸೆಕಿಯಾದೊ ಎಂಬಲ್ಲಿ, ವಿಷದ ನೀರು ಟೋಕಿಯೋ ಕಡೆಗೆ ಹೋಗದಂತೆ ಸರ್ಕಾರವು ನದಿಯ ಬಾಯಿಯನ್ನು ಕಿರಿದುಗೊಳಿಸಿತ್ತು. ಇದರಿಂದ ತೋನೆಯ ನೀರು ವತರಾಸೆಗೆ ಹಿಮ್ಮೊಗವಾಗಿ ನುಗ್ಗಿ ಯನಾಕಾದಂತಹ ಊರುಗಳಲ್ಲಿ ನೆರೆ ಹೆಚ್ಚಿತು ಎಂಬುದು ಮೊದಲನೆಯದು. ನದಿಯನ್ನು ಸರಿಪಡಿಸುವ ಕೆಲಸ ಬೆಟ್ಟದಿಂದ ಆರಂಭವಾಗಬೇಕು ಎಂಬುದು ಎರಡನೆಯದು. ಉಗಮದ ಕಾಡು ಬೆಳೆದು, ಗಣಿಯ ವಿಷ ಅಲ್ಲಿಯೇ ನಿಲ್ಲದ ಹೊರತು, ಕೆಳಗೆ ಎಷ್ಟು ಜಲಾಶಯ ಕಟ್ಟಿದರೂ ಕೆಸರು ಬರುತ್ತಲೇ ಇರುತ್ತದೆ ಎಂದು ಅವರು ಪ್ರತಿಪಾದಿಸಿದರು. ಬೆಟ್ಟ, ನದಿ, ಹಳ್ಳಿ ಮತ್ತು ಮನುಷ್ಯರನ್ನು ಹಾಳುಮಾಡದಿರುವುದೇ ನಿಜವಾದ ನಾಗರಿಕತೆ ಎಂಬ ಆಶಯದ, 1912ರ ಅವರ ದಿನಚರಿಯ ಬರಹವು ಜಪಾನಿನಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

ಕೊನೆಯ ದಿನಗಳು

1913ರ ಆಗಸ್ಟ್ ಆರಂಭದಲ್ಲಿ ಸುತ್ತಾಟದ ನಡುವೆ ಕಾಯಿಲೆ ಬಿದ್ದ ಶೋಜೋ ಅವರು, ಇಂದಿನ ಸಾನೋ ನಗರಕ್ಕೆ ಸೇರಿದ ಹಳ್ಳಿಯೊಂದರ ರೈತ ಬೆಂಬಲಿಗರ ಮನೆಯಲ್ಲಿ ಹಾಸಿಗೆ ಹಿಡಿದರು. ಪತ್ನಿ ಕತ್ಸು ಬಂದು ಶುಶ್ರೂಷೆ ಮಾಡಿದರು. ಸೆಪ್ಟೆಂಬರ್ 4ರಂದು, 71ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ತಮ್ಮ ಮನೆ ಮತ್ತು ಜಮೀನನ್ನು ಅವರು ಆಗಲೇ ಊರಿಗೆ ಬಿಟ್ಟುಕೊಟ್ಟಿದ್ದರು. ಸಾಯುವಾಗ ಅವರ ಬಳಿ ಇದ್ದುದು ಒಂದು ಟೋಪಿ, ಒಂದು ಊರುಗೋಲು ಮತ್ತು ಒಂದು ಬಟ್ಟೆಯ ಚೀಲ. ಚೀಲದಲ್ಲಿ ನದಿಗಳ ಬಗ್ಗೆ ಬರೆಯುತ್ತಿದ್ದ ಹಸ್ತಪ್ರತಿ, ದಿನಚರಿ, ಬೈಬಲ್, ದೇಶದ ಸಂವಿಧಾನದ ಪ್ರತಿ ಹಾಗೂ ಮೂರು ಸಣ್ಣ ಕಲ್ಲುಗಳಿದ್ದವು. ಅಕ್ಟೋಬರ್‌ನಲ್ಲಿ ಸಾನೋದಲ್ಲಿ ನಡೆದ ಅಂತಿಮ ಸಂಸ್ಕಾರಕ್ಕೆ ಹತ್ತಾರು ಸಾವಿರ ಜನ ಸೇರಿದರು. ನದಿ ದಡದ ಬೇರೆ ಬೇರೆ ಊರುಗಳ ಜನ ಕೇಳಿಕೊಂಡದ್ದರಿಂದ ಅವರ ಅಸ್ಥಿಯನ್ನು ಹಂಚಿ ಹಲವೆಡೆ ಸಮಾಧಿ ಮಾಡಲಾಯಿತು.

ನಂತರದ ಬೆಳವಣಿಗೆಗಳು

ಯನಾಕಾದಲ್ಲಿ ಉಳಿದಿದ್ದ ಕೊನೆಯ ಕುಟುಂಬಗಳು 1917ರಲ್ಲಿ ಜಾಗ ಬಿಟ್ಟವು. 1918ರಲ್ಲಿ ವತರಾಸೆಯ ಹರಿವನ್ನು ಹೊಸ ಕಾಲುವೆಯ ಮೂಲಕ ಜಲಾಶಯದ ಪ್ರದೇಶಕ್ಕೆ ತಿರುಗಿಸಲಾಯಿತು. ಆದರೆ ಮೇಲಿನ ಕಣಿವೆಗಳಲ್ಲಿ ತ್ಯಾಜ್ಯದ ರಾಶಿಗಳು ಬೆಳೆಯುತ್ತಲೇ ಹೋದವು. 1950ರ ದಶಕದಲ್ಲಿ, ಬೋಳು ಬೆಟ್ಟಗಳಿಂದ ಇಳಿಯುವ ಮಣ್ಣನ್ನು ತಡೆಯಲು ಆಶಿಯೋದಲ್ಲಿ ದೊಡ್ಡ ಅಣೆಕಟ್ಟೊಂದು ಪೂರ್ಣಗೊಂಡಿತು. ಮೇ 1958ರಲ್ಲಿ ಗೆಂಗೊರೋಜಾವಾ ಎಂಬ ತ್ಯಾಜ್ಯದ ಕಟ್ಟೆ ಕುಸಿದು, ವಿಷದ ಕೆಸರು ಮತ್ತೆ ಕೆಳಗಿನ ಗದ್ದೆಗಳಿಗೆ ಹರಿಯಿತು. 1971ರಲ್ಲಿ ಗುನ್ಮಾ ಪ್ರಾಂತ್ಯದ ಮೊರಿತಾ ಪ್ರದೇಶದ ಅಕ್ಕಿಯಲ್ಲಿ ಕ್ಯಾಡ್ಮಿಯಮ್ ಪತ್ತೆಯಾಯಿತು. ಗಣಿ 1973ರಲ್ಲಿ ಮುಚ್ಚಿತು. 1974ರಲ್ಲಿ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಕಂಪನಿಯು ಹೊಣೆ ಒಪ್ಪಿಕೊಂಡು, ಆ ಪ್ರದೇಶದ ರೈತರಿಗೆ 155 ಕೋಟಿ ಯೆನ್ ಪರಿಹಾರ ನೀಡಲು ಸಮ್ಮತಿಸಿತು. ಇದು ಶೋಜೋ ಅವರು ಸಂಸತ್ತಿನಲ್ಲಿ ಮೊದಲು ಪ್ರಶ್ನೆ ಎತ್ತಿದ 83ನೆಯ ವರ್ಷ. ಮಾರ್ಚ್ 2011ರ ಮಹಾಭೂಕಂಪದಲ್ಲಿ ಗೆಂಗೊರೋಜಾವಾ ಕಟ್ಟೆ ಮತ್ತೊಮ್ಮೆ ಕುಸಿದು, ನದಿಯ ನೀರಿನಲ್ಲಿ ಮಿತಿಗಿಂತ ಹೆಚ್ಚು ಸೀಸ ಕಂಡುಬಂತು. ಗಣಿಯಿಂದ ಹೊರಬರುವ ನೀರನ್ನು ಇಂದಿಗೂ ಶುದ್ಧೀಕರಿಸಬೇಕಾಗಿದೆ.

ಆಶಿಯೋ ಬೆಟ್ಟಗಳಲ್ಲಿ ಮರ ನೆಡುವ ಕೆಲಸ ದಶಕಗಳಿಂದ ನಡೆದಿದ್ದು, ಸ್ವಯಂಸೇವಕರೂ ಶಾಲಾ ಮಕ್ಕಳೂ ಅದರಲ್ಲಿ ಪಾಲ್ಗೊಳ್ಳುತ್ತಾರೆ. ಯನಾಕಾ ಇದ್ದ ಜಾಗ ಇಂದು ಸುಮಾರು 33 ಚದರ ಕಿಲೋಮೀಟರ್ ವಿಸ್ತಾರದ ವತರಾಸೆ ಪ್ರವಾಹ ತಡೆ ಜಲಾಶಯ ಪ್ರದೇಶವಾಗಿದೆ. ಜೊಂಡು ಬೆಳೆದ ಈ ಜೌಗು ಭೂಮಿಯನ್ನು 2012ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಅದರೊಳಗೆ ಹಳೆಯ ಹಳ್ಳಿಯ ದೇವಾಲಯದ ನಿವೇಶನವೂ ಗೋರಿಗಳೂ ಉಳಿದಿವೆ.

ಸ್ಮರಣೆ

ಸಾನೋ ನಗರದಲ್ಲಿ ಶೋಜೋ ಅವರ ಹುಟ್ಟಿದ ಮನೆಯನ್ನು ಸಂರಕ್ಷಿಸಲಾಗಿದೆ. ನಗರದ ವಸ್ತುಸಂಗ್ರಹಾಲಯದಲ್ಲಿ ಅವರ ದಿನಚರಿಗಳು, ಪತ್ರಗಳು, ಕೊನೆಯ ಚೀಲದ ವಸ್ತುಗಳು ಇವೆ. 1901ರಲ್ಲಿ ಚಕ್ರವರ್ತಿಯನ್ನು ತಲುಪದ ಬಿನ್ನವತ್ತಳೆಯನ್ನು, 2014ರ ಮೇ ತಿಂಗಳಲ್ಲಿ ಸಾನೋಗೆ ಭೇಟಿ ನೀಡಿದ ಚಕ್ರವರ್ತಿ ಅಕಿಹಿತೊ ಅವರು ನೋಡಿದರು. ಕೆನೆತ್ ಸ್ಟ್ರಾಂಗ್ ಅವರು ಬರೆದ ಇಂಗ್ಲಿಷ್ ಜೀವನಚರಿತ್ರೆಯು 1977ರಲ್ಲಿ ಪ್ರಕಟವಾಗಿ, ಜಪಾನಿನ ಹೊರಗೂ ಶೋಜೋ ಅವರನ್ನು ಪರಿಚಯಿಸಿತು.